ಕೊಯ್ತಾದ ಅರ್ಧ ಪಾಲು

2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ರಸ್ತೆ ಮೇಲೆ ಕೂತರು. ಟನ್ನಿಗೆ 3,500 ರೂಪಾಯಿ ಕೊಡ್ರಿ ಅಂದರು. ಕಾರ್ಖಾನೆಯವರು ಆಗದು ಅಂದರು. ಕೊನೆಗೆ ಸರ್ಕಾರ ನಡುವೆ ಬಂದು 3,300ಕ್ಕೆ ತೀರ್ಮಾನ ಮಾಡಿತು. ಕೇಳಿದ್ದು ಪೂರಾ ಸಿಗಲಿಲ್ಲ, ಆದರೂ ರಸ್ತೆಗೆ ಇಳಿಯದಿದ್ದರೆ ಅಷ್ಟೂ ಸಿಗುತ್ತಿರಲಿಲ್ಲ ಅನ್ನೋದು ಎಲ್ಲರಿಗೂ ಗೊತ್ತಿದೆ. ಆ ಹೋರಾಟದ ಬಗ್ಗೆ ನಮಗೆ ಎರಡು ಮಾತಿಲ್ಲ.

ಆದರೆ ಆ ದಿನಗಳದ್ದೇ ಇನ್ನೊಂದು ಮಾತಿದೆ. ಹೋರಾಟ ನಡೆದಾಗ ಕಾರ್ಖಾನೆಗೆ ಕಬ್ಬು ಹೋಗೋದು ನಿಂತಿತ್ತು. ಕಬ್ಬು ನಿಂತರೆ ಕಡಿಯೋರೂ ಕೈಕಟ್ಟಿ ಕೂಡಬೇಕು. ಕೂತ ದಿನಕ್ಕೆ ಅವರಿಗೆ ಕೂಲಿ ಇಲ್ಲ, ತಗೊಂಡ ಮುಂಗಡ ಮಾತ್ರ ಹಾಗೇ ಇರುತ್ತದೆ. ಹೊಲದ ಬದುವಿನ ಮೇಲೆ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿದ ಗುಡಿಸಲ ಮುಂದೆ ಕೂತು ನಮ್ಮ ಹೋರಾಟ ಮುಗಿಯೋದನ್ನ ಕಾಯುತ್ತಿದ್ದ ಹೆಂಗಸರ ಬಗ್ಗೆ ನಮ್ಮ ಯಾವ ಭಾಷಣದಲ್ಲೂ ಒಂದು ಮಾತು ಬಂದದ್ದು ನಾವು ಕೇಳಲಿಲ್ಲ. ಬರೆಯಬೇಕಾದ ನಾವೂ ಬರೆಯಲಿಲ್ಲ. ಆ ತಪ್ಪನ್ನು ಈ ತಿಂಗಳು ಸ್ವಲ್ಪ ತಿದ್ದಿಕೊಳ್ಳೋಣ ಅಂತ ಇದನ್ನು ಬರೆಯುತ್ತಿದ್ದೇವೆ.

ಕಬ್ಬು ಕಡಿಯೋ ಕುಡುಗೋಲಿಗೆ ಮರಾಠಿಯಲ್ಲಿ ಕೊಯ್ತಾ ಅಂತಾರೆ. ಬೆಳಗಾವಿ, ಬಾಗಲಕೋಟೆ ಕಡೆ ಇದು ನಮ್ಮ ಮಾತೇ ಆಗಿಹೋಗಿದೆ. ಆದರೆ ಕಟಾವಿನ ಲೆಕ್ಕದಲ್ಲಿ ಕೊಯ್ತಾ ಅಂದರೆ ಬರೀ ಕುಡುಗೋಲಲ್ಲ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಹತ್ತು ಕೊಯ್ತಾ ಗ್ಯಾಂಗು ಅಂದರೆ ಇಪ್ಪತ್ತು ಆಳು. ಮುಂಗಡ ಕೊಯ್ತಾಕ್ಕೆ, ಕೂಲಿ ಕೊಯ್ತಾಕ್ಕೆ, ಬುಕ್ಕಿನಲ್ಲಿ ಬರೆಯೋ ಹೆಸರು ಗಂಡನದು. ಇಬ್ಬರಲ್ಲಿ ಒಬ್ಬರೇ ಬಂದರೆ ಅದನ್ನು ಅರ್ಧ ಕೊಯ್ತಾ ಅಂತಾರೆ. ಅಂದರೆ ಹೆಂಗಸು ಇಲ್ಲದಾಗ ಮಾತ್ರ ಆಕೆಯ ಲೆಕ್ಕ ಸಿಗುತ್ತದೆ, ಅರ್ಧ ಕಡಿಮೆ ಆಯಿತು ಅಂತ. ಆಕೆ ಬಂದು ಅರ್ಧಕ್ಕಿಂತ ಹೆಚ್ಚು ದುಡಿದಾಗ ಯಾವ ಲೆಕ್ಕದಲ್ಲೂ ಆಕೆ ಇಲ್ಲ.

ದುಡಿಮೆ ಎಷ್ಟು ಅಂತ ಕಬ್ಬು ಬೆಳೆಯುವವರಿಗೆ ಹೇಳಬೇಕಾಗಿಲ್ಲ, ದಿನಾ ನೋಡುತ್ತೇವೆ. ನೋಡಿ ನೋಡಿ ಕಣ್ಣಿಗೆ ರೂಢಿಯಾಗಿದೆ, ಅಷ್ಟೆ. ಬೆಳಕು ಹರಿಯೋದಕ್ಕೆ ಮೊದಲೇ ಎದ್ದು ರೊಟ್ಟಿ ಬಡಿದು, ಮಕ್ಕಳನ್ನು ಎಬ್ಬಿಸಿಕೊಂಡು ಹೊಲಕ್ಕೆ ಬರುತ್ತಾಳೆ. ಗಂಡ ಕಡಿದು ಹಾಕಿದ್ದನ್ನು ರವದಿ ಬಿಡಿಸಿ, ಕಟ್ಟು ಕಟ್ಟಿ, ತಲೆ ಮೇಲೆ ಹೊತ್ತು, ಟ್ರೇಲರಿಗೆ ಆನಿಸಿದ ಹಲಗೆ ಏರಿ ಮೇಲೆ ಹಾಕೋದು ಆಕೆಯ ಕೆಲಸ. ಸಂಜೆ ಗುಡಿಸಲಿಗೆ ಬಂದರೆ ನೀರು, ಕಟ್ಟಿಗೆ, ಅಡಿಗೆ. ಕಬ್ಬಿನ ಹಸಿ ತುದಿ ಮಾರಿ ನಾಲ್ಕು ಕಾಸು ಮಾಡೋದೂ ಆಕೆಯದೇ. ರಾತ್ರಿ ಹತ್ತಕ್ಕೆ ಗಾಡಿ ಬಂದರೆ ಮತ್ತೆ ಎದ್ದು ತುಂಬಬೇಕು. ಬಸಿರಿ ಇದ್ದರೂ ತುಂಬಬೇಕು. ಬಾಣಂತಿ ಆದರೆ ಎಷ್ಟು ದಿನ ಮಲಗಬಹುದು ಅನ್ನೋದನ್ನ ಮುಕಾದಮ ಹೇಳುತ್ತಾನೆ.

ಇನ್ನು ಸಾಲದ ಲೆಕ್ಕ. ನಮ್ಮ ಓದುಗರಿಗೆ ಲೆಕ್ಕ ಬಂದರೆ ಮಿಕ್ಕದ್ದು ತಾನೇ ತಿಳಿಯುತ್ತದೆ. ಒಂದು ಕೊಯ್ತಾ ಒಂದು ಲಕ್ಷ ರೂಪಾಯಿ ಮುಂಗಡ ಪಡೆದಿದೆ ಅಂತ ಇಟ್ಟುಕೊಳ್ಳಿ. ಕಡಿದು ಹೇರುವ ಕೂಲಿ ಟನ್ನಿಗೆ 350 ಹಿಡಿಯಿರಿ. ಲಕ್ಷ ತೀರಬೇಕಾದರೆ 286 ಟನ್ ಕಡಿಯಬೇಕು. ಗಂಡ ಹೆಂಡತಿ ಸೇರಿ ದಿನಕ್ಕೆ ಎರಡು ಟನ್ ಕಡಿದರು ಅಂದರೂ 143 ದಿನ ಆಯಿತು. ಒಂದು ದಿನ ಜ್ವರ ಬರಬಾರದು, ಕೂಸಿಗೆ ಭೇದಿ ಆಗಬಾರದು, ಗಾಡಿ ಕೆಡಬಾರದು, ನಾವು ರಸ್ತೆಗೆ ಕೂಡಬಾರದು. ಮಳೆ ಕೈಕೊಟ್ಟು ಕಬ್ಬು ಕಡಿಮೆಯಾದ ವರ್ಷ ಹಂಗಾಮು ಅಷ್ಟು ದಿನ ನಡೆಯೋದೇ ಇಲ್ಲ. ಉಳಿದದ್ದು ಮುಂದಿನ ವರ್ಷದ ಬುಕ್ಕಿಗೆ. ಈ ನಡುವೆ ವಾರದ ಸಂತೆಗೆ ಅಂತ ಕೊಟ್ಟದ್ದು, ತಪ್ಪಿಸಿದ ದಿನದ ದಂಡ, ಎಲ್ಲ ಅದರ ಮೇಲೆ. ದುಡಿಯೋದಕ್ಕೆ ಮೊದಲೇ ತಿಂದ ಕೂಲಿಯನ್ನು ಐದು ತಿಂಗಳು ತೀರಿಸಿ ಊರಿಗೆ ಹೋಗುವಾಗ ಕೈಯಲ್ಲಿ ಏನೂ ಉಳಿಯದು. ಬೆಳೆಸಾಲದಲ್ಲಿ ಬಿದ್ದವರಿಗೆ ಈ ಚಕ್ರ ಗುರುತು ಸಿಗಬೇಕು. ನಮಗೆ ಸೊಸೈಟಿ, ಬ್ಯಾಂಕು, ಪಹಣಿ ಇವೆ. ಆಕೆಗೆ ಬುಕ್ಕಿನಲ್ಲಿ ಹೆಸರೇ ಇಲ್ಲ, ಸಾಲ ಮಾತ್ರ ಮೈಮೇಲಿದೆ.

ಇವರು ಯಾರು? ಬೀಡ ಜಿಲ್ಲೆಯ ಕಡೆಯವರು, ಮರಾಠವಾಡಾದವರು ಬಹಳ. ಎರಡು ಎಕರೆ, ಮೂರು ಎಕರೆ ಒಣ ಬೇಸಾಯ ಇದ್ದವರೂ ಅವರಲ್ಲಿದ್ದಾರೆ. ಅಂದರೆ ರೈತರೇ. ಜೋಳ, ಸೋಯಾ, ಹತ್ತಿ ಕೈಕೊಟ್ಟಾಗ ಮನೆಗೆ ಬೀಗ ಹಾಕಿ ಮುದುಕರನ್ನು ಬಿಟ್ಟು ಬರುತ್ತಾರೆ. ನಮ್ಮಲ್ಲಿ ಇದಕ್ಕೆ ಗುಳೆ ಅಂತ ಹೆಸರಿದೆ, ಆ ಹೆಸರು ನಮಗೆ ಹೊಸದಲ್ಲ. 1972ರ ಬರ ನೆನಪಿರುವ ಹಿರಿಯರು ಈಗಲೂ ನಮ್ಮ ನಡುವೆ ಇದ್ದಾರೆ. ವಿಜಯಪುರದ ತಾಂಡಾಗಳಿಂದ ನಮ್ಮ ಲಂಬಾಣಿ ಹೆಣ್ಣುಮಕ್ಕಳು ಸಾಂಗಲಿ, ಸಾತಾರ, ಕೊಲ್ಹಾಪುರದ ಕಬ್ಬಿಗೆ ಹೋಗುತ್ತಾರೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯವರು ಮಂಡ್ಯದ ಕಬ್ಬಿಗೆ ಹೋಗುತ್ತಾರೆ. ಯಾದಗಿರಿ, ರಾಯಚೂರಿನವರು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ. ಗೋವಾದಲ್ಲಿ ನಮ್ಮವರನ್ನು ಘಾಟಿ ಅಂತ ಹೀಗಳೆದಾಗ ನಮಗೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಆ ಸಿಟ್ಟು ನಮ್ಮೂರ ಬದುವಿನ ಗುಡಿಸಲ ತನಕ ಬರುವ ಹೊತ್ತಿಗೆ ಎಲ್ಲಿ ಹೋಗುತ್ತದೆ ಅನ್ನೋದು ನಮ್ಮ ಪ್ರಶ್ನೆ.

ಮೊನ್ನೆ ಘಟಪ್ರಭಾ ದಂಡೆಯ ಒಂದು ಊರಿಗೆ ಹೋಗಿದ್ದೆವು. ಊರ ಹೆಸರು ಬೇಡ, ಎಲ್ಲ ಊರೂ ಹೆಚ್ಚುಕಮ್ಮಿ ಅದೇ. ಹದಿನಾಲ್ಕು ಗುಡಿಸಲು. ನಮ್ಮ ಜೊತೆ ಮರಾಠಿ ಬಲ್ಲ ಒಬ್ಬ ಹೆಣ್ಣುಮಗಳು ಇದ್ದಳು, ಆಕೆ ಮಾತಾಡಿಸಿದಳು. ಏನು ತ್ರಾಸು ಅಂತ ಕೇಳಿದರೆ ಕೂಲಿ ಕಡಿಮೆ ಅಂತ ಹೇಳುತ್ತಾರೆ ಅಂದುಕೊಂಡಿದ್ದೆವು. ಮೊದಲು ಬಂದ ಮಾತು ನೀರು. ಊರ ನಳಕ್ಕೆ ಹೋದರೆ, "ನಮಗ ಸಾಲೂದಿಲ್ಲ, ನಿಮಗೆಲ್ಲಿಂದ ಕೊಡೂಣು, ಹೋಗ್ರಿ" ಅಂತಾರಂತೆ. ಬೋರಿಗೆ ಹೋಗಬೇಕು, ಬೋರಿಗೆ ತ್ರೀಫೇಸ್ ಕರೆಂಟು ಬರೋದು ಒಂದು ವಾರ ಹಗಲು, ಒಂದು ವಾರ ನಡುರಾತ್ರಿ. ನಡುರಾತ್ರಿ ಮೋಟಾರು ಸದ್ದು ಕೇಳಿದರೆ ಕೊಡ ತಗೊಂಡು ಓಡಬೇಕು. ಕತ್ತಲಲ್ಲಿ ಒಬ್ಬಳೇ ಹೋಗೋ ಹಾಗಿಲ್ಲ, ನಾಲ್ವರು ಕೂಡಿ ಹೋಗಬೇಕು. ಹಾವಿನ ಭಯ ಇದೆ, ಹಾವಿಗಿಂತ ದೊಡ್ಡ ಭಯ ಇನ್ನೊಂದಿದೆ ಅಂತ ಒಬ್ಬಾಕೆ ಹೇಳಿ ಸುಮ್ಮನಾದಳು. ನಾವು ಬಿಡಿಸಿ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಎರಡನೇ ಮಾತು ಬಯಲಿಗೆ ಹೋಗುವುದು. ಕಬ್ಬು ಇರುವವರೆಗೆ ಮರೆ ಉಂಟು. ಕಡಿದಂತೆಲ್ಲ ಮರೆ ಹಿಂದೆ ಸರಿಯುತ್ತದೆ. ತಮ್ಮ ಕೈಯಿಂದಲೇ ತಮ್ಮ ಮರೆ ಕಡಿದು ಹಾಕುತ್ತಾ ಹೋಗುವ ಕೆಲಸ ಇದು. ಮುಟ್ಟಿನ ದಿನಗಳಲ್ಲೂ ಅದೇ ಬಯಲು, ಅದೇ ನೀರಿಲ್ಲದ ಗುಡಿಸಲು, ಅದೇ ಹೊರೆ.

ಇದರ ಕೊನೆ ಏನು ಅನ್ನೋದು 2019ರಲ್ಲಿ ದೇಶಕ್ಕೇ ಗೊತ್ತಾಯಿತು. ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲಿ ಗರ್ಭಕೋಶ ತೆಗೆಸಿಕೊಂಡವರು ಊರೂರಿಗೆ ಇದ್ದಾರೆ ಅನ್ನೋ ಸುದ್ದಿ ಬಂದಾಗ ಮಹಾರಾಷ್ಟ್ರ ಸರ್ಕಾರ ಸಮಿತಿ ಮಾಡಿತು. ಸಮಿತಿ ವಿಚಾರಿಸಿದ 82 ಸಾವಿರಕ್ಕೂ ಹೆಚ್ಚು ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಆ ಆಪರೇಷನ್ ಮಾಡಿಸಿಕೊಂಡಿದ್ದರು. ಮೂವತ್ತು, ಮೂವತ್ತೈದರ ಪ್ರಾಯದವರೂ ಅದರಲ್ಲಿದ್ದರು. ಸೋಂಕು ಬಂದರೆ ದಿನ ತಪ್ಪುತ್ತದೆ, ದಿನ ತಪ್ಪಿದರೆ ದಂಡ, ಖಾಸಗಿ ಡಾಕ್ಟರು ಒಮ್ಮೆ ತೆಗೆಸಿಬಿಡು ಅಂತಾನೆ, ಅದಕ್ಕೂ ಸಾಲ, ಆ ಸಾಲಕ್ಕೆ ಮತ್ತೆ ಕೊಯ್ತಾ. ಈ ಹೆಂಗಸರು ಬರೀ ಮಹಾರಾಷ್ಟ್ರದ ಕಬ್ಬು ಕಡಿದವರಲ್ಲ. ನಮ್ಮ ಹೊಲಕ್ಕೂ ಬಂದವರು. ಸುದ್ದಿ ಓದಿ ಅಯ್ಯೋ ಅಂದ ನಾವು, ಇದು ನಮ್ಮ ಸಕ್ಕರೆಯ ಲೆಕ್ಕದಲ್ಲೂ ಬರುತ್ತದೆ ಅಂತ ಅಂದುಕೊಳ್ಳಲಿಲ್ಲ.

ಅಂಗನವಾಡಿ ಊರಲ್ಲಿದೆ. ಗುಡಿಸಲಿನಿಂದ ಒಂದೂವರೆ ಕಿಲೋಮೀಟರು. ಬಸಿರಿ ಬಾಣಂತಿಯರಿಗೆ, ಆರು ವರ್ಷದೊಳಗಿನ ಮಕ್ಕಳಿಗೆ ಊಟ ಕೊಡಬೇಕು ಅಂತ 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಇದೆ. ಇಲ್ಲೇ ಹುಟ್ಟಿದವರಿಗೆ ಮಾತ್ರ ಅಂತ ಅದರಲ್ಲಿ ಎಲ್ಲೂ ಇಲ್ಲ. ಆದರೂ, "ನಿಮ್ಮ ಹೆಸರು ನಮ್ಮ ಪಟ್ಟ್ಯಾಗಿಲ್ಲ" ಅಂತ ವಾಪಸು ಕಳಿಸಿದ್ದನ್ನು ಇಬ್ಬರು ಬಸುರಿಯರು ಹೇಳಿದರು. ಅಂಗನವಾಡಿಯ ಹೆಣ್ಣುಮಗಳನ್ನು ಬೈದರೆ ಪ್ರಯೋಜನವಿಲ್ಲ. ಆಕೆಗೆ ಬರುವ ರೇಷನ್ನು ಪಟ್ಟಿ ಪ್ರಕಾರ, ಹಂಗಾಮಿಗೆ ಬಂದವರ ಲೆಕ್ಕ ಮೇಲಿನವರು ಕೇಳಿಲ್ಲ. ಆರು ತಿಂಗಳು ಬಂದು ಹೋಗುವ ನೂರಾರು ಮಕ್ಕಳು ಬೀಡದ ಪಟ್ಟಿಯಲ್ಲಿ ಹೆಸರಾಗಿ ಇರುತ್ತಾರೆ, ಬೆಳಗಾವಿಯ ಹೊಲದಲ್ಲಿ ಹಸಿದು ಇರುತ್ತಾರೆ. ಪಡಿತರ ಚೀಟಿ ದೇಶದಲ್ಲಿ ಎಲ್ಲಿ ಬೇಕಾದರೂ ನಡೆಯುತ್ತದೆ ಅಂತ 2022ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ ಆಯಿತು. ಗುಡಿಸಲಲ್ಲಿ ಕೇಳಿದರೆ ಚೀಟಿ ಊರಲ್ಲೇ ಬಿಟ್ಟು ಬಂದವರೇ ಹೆಚ್ಚು, ಅಲ್ಲಿ ಉಳಿದ ಅತ್ತೆ ಮಾವ ತಿನ್ನಬೇಕಲ್ಲ! ಅವರವರ ಪಾಲು ಬೇರೆ ಬೇರೆ ಕಡೆ ಎತ್ತಬಹುದು ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಹೇಳಿದವರೂ ಇರಲಿಲ್ಲ.

ಬಸ್ಸಿನ ಮಾತು ಕೇಳಿ. 2023ರ ಜೂನಿನಿಂದ ನಮ್ಮ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಅದೇ ವರ್ಷ ಮಾರ್ಚಿನಲ್ಲಿ ಮಹಾರಾಷ್ಟ್ರದಲ್ಲಿ ಹೆಂಗಸರಿಗೆ ಅರ್ಧ ದರ ಆಯಿತು. ಇಲ್ಲಿ ದುಡಿಯುವ ಬೀಡದ ಹೆಂಗಸು ಕೂಸನ್ನು ದವಾಖಾನೆಗೆ ಒಯ್ಯಲು ಬಸ್ಸು ಹತ್ತಿದರೆ ಪೂರಾ ಟಿಕೆಟು, ಪಕ್ಕದ ಸೀಟಿನಾಕೆಗೆ ಶೂನ್ಯ ಟಿಕೆಟು. ಕಂಡಕ್ಟರನ ತಪ್ಪಿಲ್ಲ, ಆಧಾರಿನಲ್ಲಿ ವಿಳಾಸ ಬೇರೆ. ಯೋಜನೆ ನಮ್ಮ ರಾಜ್ಯದ್ದು, ನಮ್ಮ ತೆರಿಗೆಯದ್ದು ಅಂತ ಹೇಳುವವರ ವಾದವೂ ನಮಗೆ ಗೊತ್ತಿದೆ. ಆದರೆ ಆಕೆ ಕಡಿದ ಕಬ್ಬಿನ ಸಕ್ಕರೆ ಮೇಲಿನ ತೆರಿಗೆ ಯಾವ ಖಜಾನೆಗೆ ಬಂತು?

ಭಾಷೆ ಬೇರೆ, ಅದಕ್ಕೇ ಬೆರೆಯೋಕಾಗಲ್ಲ ಅಂತ ಕೆಲವರು ಹೇಳುತ್ತಾರೆ. ಗಡಿ ಗಲಾಟೆ ಎದ್ದಾಗಲಂತೂ, 2022ರ ಡಿಸೆಂಬರಿನಲ್ಲಿ ಎದ್ದಿತಲ್ಲ, ಎರಡೂ ಕಡೆ ಗಾಡಿಗಳಿಗೆ ಕಲ್ಲು ಬಿದ್ದವಲ್ಲ, ಅಂಥ ಹೊತ್ತಿನಲ್ಲಿ ಈ ಹೆಂಗಸರು ಸಂತೆಗೆ ಹೋಗಿ ಮರಾಠಿ ಮಾತಾಡಲಿಕ್ಕೂ ಅಂಜಬೇಕಾಗುತ್ತದೆ. ಭಾಷೆ ಅಡ್ಡಿ ಹೌದು. ಆದರೆ ಮಂಡ್ಯಕ್ಕೆ ಹೋದ ಕೂಡ್ಲಿಗಿಯಾಕೆ ಕನ್ನಡ ಬಲ್ಲವಳು, ಇದೇ ರಾಜ್ಯದವಳು. ಅವಳ ಗುಡಿಸಲೂ ಊರ ಹೊರಗೇ. ಅವಳ ಮಗುವನ್ನೂ ಪಟ್ಟಿಯಲ್ಲಿ ಹುಡುಕಿ ಇಲ್ಲ ಅಂತಾರೆ. ಊರಲ್ಲಿ ಒಂದು ತಾಮ್ರದ ಬಿಂದಿಗೆ ಕಳೆದರೆ ಮೊದಲು ಹುಡುಕೋದು ಅವಳ ಗುಡಿಸಲನ್ನೇ. ಆದ್ದರಿಂದ ಇದು ಕನ್ನಡ ಮರಾಠಿಯ ಜಗಳಕ್ಕಿಂತ ಹಳೆಯದು. ಕೂಲಿಗೆ ಬಂದವಳು, ಅದರಲ್ಲೂ ಲಂಬಾಣಿ, ವಂಜಾರಿ, ದಲಿತ ಹೆಂಗಸು ಊರೊಳಗೆ ಬರಬಾರದು ಅನ್ನುವ ಹಳೇ ರೋಗ.

ಆ ಗುಡಿಸಲುಗಳಲ್ಲಿ ಐದು ವರ್ಷದಿಂದ ಅದೇ ಊರಿಗೆ ಬರುತ್ತಿರುವ ಒಬ್ಬಾಕೆ ಇದ್ದಳು. ಕನ್ನಡ ಎಷ್ಟು ಬರುತ್ತದೆ ಅಂತ ಕೇಳಿದೆವು. ನಗುತ್ತಾ ಹೇಳಿದಳು: ನೀರು, ರೊಕ್ಕ, ನಾಳೆ, ಬ್ಯಾಡ, ಹೋಗ. ಐದು ಹಂಗಾಮಿನಲ್ಲಿ ಒಂದು ಊರು ಒಬ್ಬ ಹೆಂಗಸಿಗೆ ಕಲಿಸಿದ ಭಾಷೆ ಇಷ್ಟು. ಆಕೆಯ ಹೆಸರೇನು ಅಂತ ಆ ಹೊಲದ ಮಾಲೀಕರನ್ನು ಕೇಳಿದೆವು. ಒಳ್ಳೇ ಮನುಷ್ಯರು, ನಮ್ಮ ಸಂಘಟನೆಯ ಹಳಬರು. ಸ್ವಲ್ಪ ಯೋಚಿಸಿ ಆಕೆಯ ಗಂಡನ ಹೆಸರು ಹೇಳಿದರು.

ಅವರ ಮನೆಯಾಕೆ ಬೇರೆ ಥರ. ಹಿಟ್ಟಿನ ಗಿರಣಿಯಲ್ಲಿ ಈ ಹೆಂಗಸರನ್ನು ಸಾಲಿನ ಕೊನೆಗೆ ನಿಲ್ಲಿಸುತ್ತಿದ್ದುದನ್ನು ಒಮ್ಮೆ ಕಂಡು, "ಯಾಕ, ಅವರ ಜೋಳಕ್ಕ ಮುಳ್ಳ ಅದಾವೇನು?" ಅಂತ ಗಿರಣಿಯವನಿಗೆ ಬೈದಿದ್ದರಂತೆ. ಆವತ್ತಿನಿಂದ ಸಾಲು ಸಾಲಾಗಿಯೇ ನಡೆದಿದೆ. ಅವರ ಹಿತ್ತಲಿನ ನಳದಿಂದ ನಾಲ್ಕು ಗುಡಿಸಲಿಗೆ ನೀರು ಹೋಗುತ್ತದೆ. "ಬಾಯಿ ಅಂತ ಕರೀತೀನ್ರಿ, ಆಕಿ ನನಗ ಅಕ್ಕಾ ಅಂತಾಳ. ಇಬ್ಬರಿಗೂ ಮಾತು ತಿಳಿಯೂದಿಲ್ಲ, ಆದ್ರ ಕೂಸಿನ ನೆಗಡಿಗೆ ಏನ ಮಾಡಬೇಕು ಅಂತ ಮಾತಾಡ್ತೀವಿ" ಅಂದರು. ನಮ್ಮ ಸಂಘಟನೆಯ ಮೀಟಿಂಗಿಗೆ ಈ ತಾಯಿ ಒಮ್ಮೆಯೂ ಬಂದಿಲ್ಲ. ಕರೆದಿಲ್ಲವಲ್ಲ, ಎಲ್ಲಿಂದ ಬರುತ್ತಾರೆ.

ಈಗ ರೈತರ ಕಡೆಯ ಮಾತು. ಇದನ್ನು ಓದಿ ಕೆಲವರಿಗೆ ಸಿಟ್ಟು ಬಂದಿರಬಹುದು. ಗ್ಯಾಂಗಿನವರು ಎಕರೆಗೆ ಇಷ್ಟು ಅಂತ ಮೇಲೆ ದುಡ್ಡು ಕೇಳೋದಿಲ್ಲವೇ? ಕೊಡದಿದ್ದರೆ ಮುಂದಿನ ಹೊಲಕ್ಕೆ ಹೋಗೋದಿಲ್ಲವೇ? ಕಬ್ಬು ಸೂಲಂಗಿ ಬಿಟ್ಟು ಒಣಗಿ ತೂಕ ಇಳಿಯೋ ಹೊತ್ತಿಗೆ ಫೀಲ್ಡ್‌ಮನ್‌ನ ಕಾಲಿಗೆ ಬೀಳಬೇಕಾದವರು ನಾವಲ್ಲವೇ? ನಿಜ. ಮುಕಾದಮರು ಎರಡು ಮೂರು ಕಡೆ ಮುಂಗಡ ತಿಂದು ಓಡಿಹೋಗಿ, ಬ್ಯಾಂಕ್ ಸಾಲ ತೆಗೆದು ಟ್ರ್ಯಾಕ್ಟರ್ ತಂದ ನಮ್ಮ ಹುಡುಗರು ಹಾಳಾದದ್ದೂ ನಿಜ. ಅವರ ಕಣ್ಣೀರು ಈ ಪತ್ರಿಕೆಗೆ ಗೊತ್ತು.

ಆದರೆ ಹಣದ ಹಾದಿ ನೋಡಿ. ಕಡಿಸಿ ಸಾಗಿಸುವ ಖರ್ಚು ನಮ್ಮ ಬಿಲ್ಲಿನಲ್ಲೇ ಮುರಿಯುತ್ತಾರೆ. ಆದರೆ ಕಡಿಯೋರು ತಮ್ಮ ಆಳಲ್ಲ, ಮುಕಾದಮನ ಆಳು ಅಂತ ಕಾರ್ಖಾನೆ ಹೇಳುತ್ತದೆ. ಮುಂಗಡ ಕೊಡುವ ಜವಾಬ್ದಾರಿ ಟ್ರ್ಯಾಕ್ಟರ್ ಮಾಲೀಕನ ತಲೆಗೆ. ಟ್ರ್ಯಾಕ್ಟರಿನವನು ಮುಕಾದಮನಿಗೆ, ಮುಕಾದಮ ಗಂಡನಿಗೆ, ಗಂಡ ಮನೆಗೆ. ಸಾಲ ಹೀಗೆ ಮೇಲಿಂದ ಕೆಳಗೆ ಇಳಿದು ಬರುತ್ತದೆ. ಎಲ್ಲರಿಗೂ ಕೆಳಗೆ ಇನ್ನೊಬ್ಬರು ಇದ್ದಾರೆ, ಆಕೆಗೆ ಯಾರೂ ಇಲ್ಲ. ಗ್ಯಾಂಗು ಓಡಿಹೋದಾಗ ಸಿಕ್ಕ ಹೆಂಗಸರು ಮಕ್ಕಳನ್ನು ಹಣ ಬರುವ ತನಕ ತಡೆದು ಕೂಡಿಸಿದ ಸುದ್ದಿಗಳನ್ನು ನಾವೆಲ್ಲ ಕೇಳಿದ್ದೇವೆ. ಜೀತ ಪದ್ಧತಿ ರದ್ದಾದದ್ದು 1976ರ ಕಾಯ್ದೆಯಲ್ಲಿ. ಅಂಥ ಕೆಲಸ ಮಾಡಿದವನು ನಮ್ಮ ಶಾಲು ಹೊದ್ದಿದ್ದರೂ ಅದು ಜೀತವೇ.

ಸಾಲ ವಸೂಲಿಗೆ ಬಂದ ಅಧಿಕಾರಿ ಅಪ್ಪಣೆಯಿಲ್ಲದೆ ಊರೊಳಗೆ ಕಾಲಿಡಬಾರದು ಅಂತ 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಬೋರ್ಡು ನಿಂತವು. ಅದು ರೈತ ಚಳವಳಿಯ ಹೆಮ್ಮೆ. ಇನ್ನೊಂದು ಬೋರ್ಡು, ಯಾರೂ ಬರೆಯದ್ದು, ಅದಕ್ಕೂ ಮೊದಲಿನಿಂದ ಇದೆ. ಅದನ್ನು ಕೀಳುವ ಕೆಲಸಕ್ಕೆ ಸರ್ಕಾರಕ್ಕಾಗಿ ಕಾಯಬೇಕಿಲ್ಲ.

ಸರ್ಕಾರ ಮಾಡಬೇಕಾದದ್ದು ಬೇರೆ ಇದೆ. ಬೇರೆ ರಾಜ್ಯದಿಂದ ಕಂತ್ರಾಟಿನಲ್ಲಿ ಬಂದ ಕೂಲಿಗಳಿಗೆ ವಸತಿ, ಔಷಧಿ, ಊರಿಗೆ ಹೋಗಿಬರುವ ಖರ್ಚು ಕೊಡಬೇಕು ಅಂತ 1979ರಲ್ಲೇ ಕಾನೂನು ಮಾಡಿದರು. ನಲವತ್ತು ವರ್ಷ ಅದು ಕಬ್ಬಿನ ಹೊಲಕ್ಕೆ ಬಂದದ್ದು ಯಾರೂ ಕಾಣಲಿಲ್ಲ. 2020ರಲ್ಲಿ ಅದನ್ನು ಇನ್ನೊಂದು ದೊಡ್ಡ ಸಂಹಿತೆಯೊಳಗೆ ಸೇರಿಸಿದರು, ಐದು ಆಳಿಗೆ ಅನ್ವಯಿಸುತ್ತಿದ್ದದ್ದನ್ನು ಹತ್ತಕ್ಕೆ ಏರಿಸಿದರು. ಹೆಂಗಸರ ಮೇಲಿನ ಕಿರುಕುಳಕ್ಕೆ 2013ರ ಕಾನೂನಿನ ಪ್ರಕಾರ ಜಿಲ್ಲೆಗೊಂದು ಸ್ಥಳೀಯ ದೂರು ಸಮಿತಿ ಇರಬೇಕು, ಹೊಲದಲ್ಲಿ ದುಡಿಯುವವಳೂ ಅಲ್ಲಿ ದೂರು ಕೊಡಬಹುದು. ಆ ಸಮಿತಿ ಎಲ್ಲಿ ಕೂಡುತ್ತದೆ ಅಂತ ನಮ್ಮ ಕಾರ್ಯಕರ್ತರಲ್ಲೇ ಎಷ್ಟು ಮಂದಿಗೆ ಗೊತ್ತು?

ನಮ್ಮ ಅಭಿಪ್ರಾಯ ಇಷ್ಟು. ಮುಂದಿನ ಸಲ ಕಬ್ಬಿನ ದರಕ್ಕೆ ಕಾರ್ಖಾನೆಯವರ ಎದುರು ಕೂತಾಗ ಕಟಾವಿನ ಕೂಲಿಯೂ ಅದೇ ಮೇಜಿನ ಮೇಲೆ ಬರಬೇಕು, ನಮ್ಮ ಬಿಲ್ಲಿನಿಂದ ಮುರಿದದ್ದರಲ್ಲಿ ಕಡಿದವರ ಕೈಗೆ ಎಷ್ಟು ಸೇರಿತು ಅನ್ನೋ ಲೆಕ್ಕ ಕೇಳಬೇಕು. ಕೂಲಿ ಚೀಟಿಯಲ್ಲಿ ಹೆಂಡತಿಯ ಹೆಸರು ಬೇರೆಯಾಗಿ ಇರಬೇಕು, ಆಕೆಯ ಪಾಲು ಆಕೆಯ ಖಾತೆಗೆ ಹೋಗಬೇಕು. ಇದರಿಂದ ರೈತನಿಗೆ ಒಂದು ಪೈಸೆ ಹೆಚ್ಚು ಖರ್ಚಿಲ್ಲ, ಕಾರ್ಖಾನೆಯವರು ಒಂದು ಸಾಲು ಹೆಚ್ಚಿಗೆ ಬರೆಯಬೇಕು ಅಷ್ಟೆ. ನೀರಿನ ಟ್ಯಾಂಕರು, ಹೊತ್ತು ತಂದು ಇಡಬಹುದಾದ ಪಾಯಿಖಾನೆ, ಗುಡಿಸಲಿನ ಹತ್ತಿರ ದೀಪ, ಇವು ಕಾರ್ಖಾನೆಯ ಹೊಣೆ. ಕೊಡದಿದ್ದರೆ ಕೇಳುವವರು ನಾವಾಗಬೇಕು. ಯಾಕೆಂದರೆ ಆಕೆ ಕೇಳಿದರೆ ಮುಂದಿನ ವರ್ಷ ಮುಂಗಡ ಸಿಗೋದಿಲ್ಲ. ನಮ್ಮನ್ನು ಹಾಗೆ ಹೆದರಿಸಲು ಆಗದು.

ಕೆಲವು ಕಡೆ ಈಗ ಕಬ್ಬು ಕಡಿಯೋ ಯಂತ್ರ ಬಂದಿದೆ. ಯಂತ್ರ ಬಂದರೆ ಈ ತಲೆನೋವೇ ಇಲ್ಲ ಅಂತ ಒಬ್ಬ ಗೆಳೆಯರು ಅಂದರು. ಯಂತ್ರ ಬಂದ ಮೇಲೆ ಆ ಹೆಂಗಸು ಎಲ್ಲಿಗೆ ಹೋಗುತ್ತಾಳೆ ಅಂತ ಕೇಳಿದೆವು. ಅವರಿಗೆ ಅದು ಹೊಳೆದಿರಲಿಲ್ಲ. ನಮಗೂ ಉತ್ತರ ಗೊತ್ತಿಲ್ಲ.

ಓದುಗರಲ್ಲಿ ಒಂದು ಬೇಡಿಕೆ. ನಿಮ್ಮೂರಲ್ಲಿ ಈ ಹಂಗಾಮಿಗೆ ಎಷ್ಟು ಗುಡಿಸಲು ಬಿದ್ದಿವೆ, ಎಲ್ಲಿಯವರು, ನೀರು ಎಲ್ಲಿಂದ ತರುತ್ತಾರೆ, ಮಕ್ಕಳು ಎಷ್ಟು, ಅಂಗನವಾಡಿಗೆ ಎಷ್ಟು ಮಕ್ಕಳು ಹೋಗುತ್ತಾರೆ, ಕಾರ್ಖಾನೆ ಯಾವುದು ಅಂತ ಬರೆದು ಕಳಿಸಿ. ಗಂಡಸರು ಗಂಡಸರನ್ನು ಕೇಳಿ ಬರೆದದ್ದು ಬೇಡ. ಮನೆಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ, ಅವರು ಕೇಳಲಿ. ಹೆಂಗಸರ ಹೆಸರನ್ನೂ ಕೇಳಿಕೊಂಡು ಬನ್ನಿ. ಅದನ್ನು ನಮಗೆ ಕಳಿಸಬೇಡಿ, ನಿಮ್ಮ ಹತ್ತಿರವೇ ಇರಲಿ.